ಅಳಿಸಿ ಮತ್ತೆ ಹಾಕಿದ ಕಂಪ್ಯೂಟರು

ನಾನು ಮದ್ದೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ತಟ್ಟೆ ಎಲ್ಲ ಆದ ಮೇಲೆ ಮುಖ್ಯೋಪಾಧ್ಯಾಯರು ಮೈಕಿನ ಮುಂದೆ ನಿಂತು, ಈ ಶಾಲೆಗೆ ಕಂಪ್ಯೂಟರ್ ಶಿಕ್ಷಣ ತಂದವರೇ ಈ ಮೇಡಂ ಎಂದುಬಿಟ್ಟರು. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ. ನೋಡಿದವರು ಅದನ್ನು ವಿನಯ ಎಂದುಕೊಂಡಿರಬೇಕು.

ನಿಜವಾಗಿ ನಡೆದದ್ದು ಬೇರೆ. ಬಹಳ ವರ್ಷಗಳ ಹಿಂದೆ ಶಾಲೆಗೆ ಎರಡು ಕಂಪ್ಯೂಟರು ಬಂದಾಗ, ವೇಳಾಪಟ್ಟಿಯಲ್ಲಿ ಎಲ್ಲರಿಗಿಂತ ಕಡಿಮೆ ಪೀರಿಯಡ್ ಇದ್ದವಳು ನಾನು. ಹಾಗಾಗಿ ಆ ಪಾಠ ನನ್ನ ಕೊರಳಿಗೆ ಬಿತ್ತು. ಧೂಳು ಕೂತರೆ ಹಾಳಾಗುತ್ತವೆ ಎಂದು ಹೊಲಿಗೆ ಟೀಚರು ಹೂವಿನ ಬಟ್ಟೆಯಲ್ಲಿ ಮುಸುಕು ಹೊಲಿದುಕೊಟ್ಟರು. ಮುಸುಕು ಹಾಕಿ, ಕೋಣೆಗೆ ಬೀಗ ಹಾಕಿದ್ದಾಯಿತು. ಬೀಗ ತೆಗೆಯುತ್ತಿದ್ದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಗೆ. ಆವತ್ತು ನಾನೇ ಮಕ್ಕಳನ್ನು ಸಾಲಾಗಿ ಕರೆದೊಯ್ದು ದೂರದಿಂದ ತೋರಿಸುತ್ತಿದ್ದೆ. ಉಳಿದ ದಿನ ಪುಸ್ತಕ ಓದುವುದು, ಬೋರ್ಡಿನ ಮೇಲೆ ಚೌಕ ಬರೆದು ಇದು ಮಾನಿಟರು ಎನ್ನುವುದು. ಕಾರ್ಯಾಚರಣೆ ವ್ಯವಸ್ಥೆ ಎಂದರೇನು ಎನ್ನುವುದು ಎರಡು ಅಂಕದ ಪ್ರಶ್ನೆ. ಬಳಕೆದಾರನಿಗೂ ಯಂತ್ರಕ್ಕೂ ನಡುವೆ ಸೇತುವೆಯಂತೆ ಕೆಲಸ ಮಾಡುವ ತಂತ್ರಾಂಶ ಎಂದು ಉತ್ತರ. ಸೇತುವೆ ಎಂಬ ಪದ ಬಿಟ್ಟವರಿಗೆ ನಾನು ಒಂದೇ ಅಂಕ ಕೊಡುತ್ತಿದ್ದೆ. ಆ ಸೇತುವೆಯ ಮೇಲೆ ನಾನೇ ಒಂದು ದಿನವೂ ಕಾಲಿಟ್ಟಿರಲಿಲ್ಲ.

ಆ ಚಪ್ಪಾಳೆ ಮನೆಗೆ ಬಂದ ಮೇಲೂ ಕಿವಿಯಿಂದ ಹೋಗಲಿಲ್ಲ. ಒಂದು ಕಂಪ್ಯೂಟರು ಕೊಳ್ಳಬೇಕೆಂದು ನಮ್ಮ ಯಜಮಾನರಿಗೆ ಹೇಳಿದೆ. ಅವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು, ನನಗಿಂತ ಮೊದಲೇ ನಿವೃತ್ತರಾಗಿ, ಹಗಲಿಡೀ ಮನೆಯಲ್ಲಿ ಹತ್ತಿಸಲು ಇಳಿಸಲು ಯಾರೂ ಇಲ್ಲದೆ ಬೇಸತ್ತಿದ್ದರು. ಯಾಕೆ, ಏನು ಎಂದು ಕೇಳಲಿಲ್ಲ. ಮಳವಳ್ಳಿಯಲ್ಲಿ ಅವರಿಗೆ ಪರಿಚಯದ ಒಬ್ಬರ ಪ್ರೆಸ್ಸಿತ್ತು. ಮದುವೆ ಪತ್ರಿಕೆ, ತಿಥಿ ಕಾರ್ಡು ಅಚ್ಚು ಹಾಕುವ ಸಣ್ಣ ಪ್ರೆಸ್ಸು. ಅವರು ಹೊಸ ಕಂಪ್ಯೂಟರು ತಂದು ಹಳೆಯದನ್ನು ಮೂಲೆಗೆ ತಳ್ಳಿದ್ದರು. ಅದು ನಮ್ಮ ಮನೆಗೆ ಬಂತು.

ಊಟದ ಮೇಜಿನ ಅರ್ಧವನ್ನು ಅದಕ್ಕೆ ಬಿಟ್ಟುಕೊಟ್ಟು, ಗುಂಡಿ ಒತ್ತಿದೆ. ಅಕ್ಕಿ ಗಿರಣಿಯ ಹಾಗೆ ಸದ್ದು ಮಾಡಿಕೊಂಡು ಎದ್ದಿತು. ಪರದೆಯ ಮೇಲೆ ಹಳದಿ ಕಡತಗಳು. ಒಂದರ ಹೆಸರು ಮದುವೆ, ಒಂದು ಗೃಹಪ್ರವೇಶ, ಒಂದು ತಿಥಿ, ಇನ್ನೊಂದರ ಹೆಸರು ‘ಹೊಸದು ಹೊಸದು ೨’. ಎಷ್ಟು ಸಲೀಸು ಎಂದುಕೊಂಡೆ. ಹತ್ತು ನಿಮಿಷ ಕಳೆದಿತ್ತೋ ಇಲ್ಲವೋ, ಪರದೆಯೆಲ್ಲ ಕಪ್ಪಾಗಿ, ಬಲಗಡೆ ಕೆಳಮೂಲೆಯಲ್ಲಿ ನಿಮ್ಮ ಈ ಪ್ರತಿ ಅಸಲಿ ಅಲ್ಲ ಎಂಬರ್ಥದ ಇಂಗ್ಲಿಷ್ ಸಾಲು ಮೂಡಿತು. ನನ್ನಂಥ ಕಂಪ್ಯೂಟರ್ ಟೀಚರಿಗೆ ಆ ಮಾತು ಹೇಳಲು ಅದಕ್ಕೆ ಹತ್ತು ನಿಮಿಷ ಸಾಕಾಯಿತು. ಆಮೇಲೆ ತಾನಾಗಿ ಆರಿತು, ತಾನಾಗಿ ಹತ್ತಿತು, ಮತ್ತೆ ಆರಿತು.

ಪ್ರೆಸ್ಸಿನವರಿಗೆ ಫೋನು ಮಾಡಿ ಆ ಸಾಲು ಓದಿ ಹೇಳಿದೆ.

“ಅದು ಮೊದ್ಲಿಂದ್ಲೂ ಅಂಗೇಯ ಟೀಚರಮ್ಮ. ನಾವು ಆ ಮೂಲೆ ನೋಡ್ತಿರ್ನಿಲ್ಲ,” ಎಂದರು ಅವರು.

ಆರಿ ಹತ್ತುವುದರ ಬಗ್ಗೆ ಕೇಳಿದ್ದಕ್ಕೆ, ಅದನ್ನು ಒಳ್ಳೆಯ ರಿಪೇರಿಯವರಿಗೆ ತೋರಿಸಿ ಎಂದು ಸಲಹೆ ಕೊಟ್ಟರು.

ಮಾರನೇ ದಿನ ಕಂಪ್ಯೂಟರಿನ ಡಬ್ಬವನ್ನು ಹಳೇ ಹಾಸುಬಟ್ಟೆಯಲ್ಲಿ ಗಂಟು ಕಟ್ಟಿ ಮಂಡ್ಯದ ಬಸ್ಸು ಹತ್ತಿದೆವು. ಬಸ್ಸಿನ ಕಂಡಕ್ಟರು ನಮ್ಮ ಯಜಮಾನರ ಕೈಕೆಳಗೆ ಪಳಗಿದವನು. ಅವನು ಗಂಟನ್ನು ನೋಡಿಯೂ ನೋಡದವನ ಹಾಗೆ ಮುಂದೆ ಹೋದ. ಇವರು ಕರೆದು, ಅದಕ್ಕೆ ಲಗೇಜ್ ಟಿಕೆಟ್ ಹರಿ ಎಂದರು. ಬುಡಿ ಅಣ್ಣ ಎಂದ ಅವನು. ಇವರು ಬಿಡಲಿಲ್ಲ. ಕೋಳಿ ಹಿಡಿದುಕೊಂಡ ಹೆಂಗಸರ ಜೊತೆ ವರ್ಷಗಟ್ಟಲೆ ಇದೇ ಟಿಕೆಟ್ಟಿಗಾಗಿ ಜಗಳವಾಡಿದ್ದವರು, ಈಗ ತಮ್ಮ ಗಂಟಿಗೆ ರಿಯಾಯಿತಿ ಪಡೆದರೆ ಅವರಿಗೆಲ್ಲ ಏನು ಹೇಳುವುದು ಎಂದು ನನ್ನನ್ನು ಕೇಳಿದರು. ಟಿಕೆಟ್ ಹರಿಯಿತು. ಗಂಟು ಮಾತ್ರ ಮಂಡ್ಯದವರೆಗೂ ನನ್ನ ತೊಡೆಯ ಮೇಲೆಯೇ ಇತ್ತು.

ನೂರಡಿ ರಸ್ತೆಯ ಪಕ್ಕದ ಓಣಿಯಲ್ಲೊಂದು ರಿಪೇರಿ ಅಂಗಡಿ. ಒಳಗೆ ಮೂವತ್ತು ದಾಟಿದ ಹೆಂಗಸೊಬ್ಬಳು ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ಯಾವುದೋ ಹಸಿರು ಹಲಗೆಗೆ ಬೆಸುಗೆ ಹಾಕುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿ ಎದ್ದು ನಿಂತಳು. ಮಿಸ್, ನೀವಾ ಎಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಹೆಸರು ಹೇಳಿದ ಮೇಲೆ ಎರಡು ಜಡೆಯ, ಮೂರನೇ ಬೆಂಚಿನ ಹುಡುಗಿ ನೆನಪಾದಳು. ಇದು ನಿನ್ನದೇ ಅಂಗಡಿಯಾ ಎಂದು ಕೇಳಿದೆ. ಹೌದೆಂದಳು. ನಮ್ಮ ಯಜಮಾನರು ನನ್ನ ಕಡೆ ಹೆಮ್ಮೆಯಿಂದ ನೋಡಿದರು. ನನಗೂ ಒಂದು ಕ್ಷಣ, ಅಂತೂ ಬಿತ್ತಿದ್ದರಲ್ಲಿ ಒಂದಾದರೂ ಮೊಳೆತಿದೆಯಲ್ಲ ಎನಿಸಿದ್ದು ಸುಳ್ಳಲ್ಲ.

ಅವಳು ಸ್ಕ್ರೂ ಬಿಚ್ಚುತ್ತಾ ಆ ಎರಡು ಅಂಕದ ಉತ್ತರವನ್ನು ಸೇತುವೆಯ ಸಮೇತ ಒಪ್ಪಿಸಿದಳು. ಆಮೇಲೆ ಅದೇ ದನಿಯಲ್ಲಿ ಮುಂದುವರಿಸಿದಳು.

“ಇದ್ರಿಂದ ಒಂದಿನಾನೂ ಉಪ್ಯೋಗ ಆಗ್ನಿಲ್ಲ ಮಿಸ್. ಡಿಪ್ಲೊಮಾಗೆ ಸೇರ್ದಾಗ ಆನ್ ಮಾಡೋ ಬಟನ್ ಎಲ್ಲದೆ ಅಂತ್ಲೂ ಗೊತ್ತಿರ್ನಿಲ್ಲ ನಂಗೆ.”

“ನನಗೂ ಗೊತ್ತಿರಲಿಲ್ಲ ಕಣಮ್ಮ,” ಎಂದೆ. ಇಷ್ಟು ವರ್ಷ ಯಾರಿಗೂ ಹೇಳದಿದ್ದ ಮಾತು.

“ಗೊತ್ತಿತ್ತು ಮಿಸ್. ಕ್ಲಾಸಿಗೆಲ್ಲ ಗೊತ್ತಿತ್ತು,” ಎಂದು ಅವಳು ಮುಚ್ಚಳ ತೆಗೆದಳು.

ಡಬ್ಬದ ಒಳಗೆ ಧೂಳಿನ ಜೊತೆ ಅರಿಶಿನವೂ ಇತ್ತು. ಪತ್ರಿಕೆಗಳ ಮೂಲೆಗೆ ಹಚ್ಚುತ್ತಾರಲ್ಲ, ಆ ಪುಡಿ ಫ್ಯಾನಿನ ಗಾಳಿಗೆ ವರ್ಷಾನುಗಟ್ಟಲೆ ಒಳಗೆ ಸೇರಿ ಹಳದಿ ಪದರವಾಗಿ ಕೂತಿತ್ತು. ಇಷ್ಟು ಮಂಗಳಕರವಾಗಿ ಕೆಟ್ಟಿರೋ ಕಂಪ್ಯೂಟರನ್ನ ನೋಡಿಲ್ಲ ಎಂದಳು. ಬ್ರಷ್ಷಿನಿಂದ ಗುಡಿಸಿ, ಫ್ಯಾನಿಗೆ ಎಣ್ಣೆ ಬಿಟ್ಟು, ಆರಿ ಹತ್ತುವುದನ್ನು ನಿಲ್ಲಿಸಿದಳು. ಉಳಿದ ಕಾಯಿಲೆಗೆ, ಒಳಗಿರುವ ಕಳ್ಳ ಪ್ರತಿಯನ್ನು ಪೂರ್ತಿ ಅಳಿಸಿ ಹೊಸ ಕಾರ್ಯಾಚರಣೆ ವ್ಯವಸ್ಥೆ ಹಾಕಬೇಕಂತೆ. ಈ ವಯಸ್ಸಾದ ಯಂತ್ರಕ್ಕೆ ಈಗಿನದು ಭಾರವಾಗುತ್ತದೆ, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಹಗುರವಾದದ್ದೊಂದಿದೆ, ಅದನ್ನು ಹಾಕಿ ಎಂದಳು. ಹಾಕಿಕೊಡು ಎಂದೆ. ಅವಳು ಒಪ್ಪಲಿಲ್ಲ. ತಾನು ಹಾಕಿಕೊಟ್ಟರೆ ಅರ್ಧ ಗಂಟೆಯ ಕೆಲಸ, ಆದರೆ ಮುಂದಿನ ತಿಂಗಳು ಇದೇ ಗಂಟು ಹೊತ್ತು ಬರುತ್ತೀರಿ, ನೀವೇ ಹಾಕಿ ಎಂದಳು. ಪೆನ್ ಡ್ರೈವಿಗೆ ಅದನ್ನು ತುಂಬಿಕೊಟ್ಟು, ಏನೇನು ಮಾಡಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಕೊನೆಯ ಸಾಲಿಗೆ ಎರಡು ಗೆರೆ ಎಳೆದಿದ್ದಳು: ಓದದೆ ಯಾವುದನ್ನೂ ಒತ್ತಬೇಡಿ. ಅಕ್ಷರ ಮೊದಲಿನಂತೆಯೇ ಸೊಟ್ಟಗಿತ್ತು.

ಮರುದಿನ ಬೆಳಿಗ್ಗೆ ತಿಂಡಿ ಮುಗಿಸಿ, ಮೇಜು ಒರೆಸಿ ಕೂತೆ. ಯಂತ್ರ ಹತ್ತುವಾಗ ಒಂದು ಗುಂಡಿಯನ್ನು ಬಿಡದೆ ಕುಟ್ಟುತ್ತಿರಬೇಕೆಂದು ಹಾಳೆಯಲ್ಲಿತ್ತು. ಮೂರು ಸಲ ಹೊತ್ತು ತಪ್ಪಿತು. ನಾಲ್ಕನೇ ಸಲ ಹೊಸ ಪರದೆ ಬಂದು, ಯಾವ ಭಾಷೆ ಎಂದು ಕೇಳಿತು. ಪಟ್ಟಿಯಲ್ಲಿ ಕನ್ನಡವಿತ್ತು. ಮೈ ಜುಮ್ಮೆಂದಿತು. ಒತ್ತಿದೆ. ಅಲ್ಲಿಂದ ಮುಂದೆ ಬಂದ ಕನ್ನಡ ನಾನು ಎಂದೂ ಓದದ ಕನ್ನಡ. ‘ವಿಭಾಗೀಕರಣದ ಆರೋಹಣ ಬಿಂದುವನ್ನು ನಿರ್ದಿಷ್ಟಪಡಿಸಿ’ ಎಂದು ಒಂದು ಸಾಲು. ಹಳಗನ್ನಡವನ್ನೇ ಅನ್ವಯ ಮಾಡಿ ಪಾಠ ಹೇಳಿದವಳು ನಾನು. ಎರಡು ಸಲ ಓದಿದೆ. ಗಟ್ಟಿಯಾಗಿ ಓದಿದರೆ ಅರ್ಥವಾದೀತೆಂದು ಗಟ್ಟಿಯಾಗಿಯೂ ಓದಿದೆ. ಒಳಮನೆಯಿಂದ ನಮ್ಮ ಯಜಮಾನರು, ಯಾವ ಬೆಟ್ಟ ಹತ್ತಬೇಕಂತೆ ಎಂದು ಕೇಳಿದರು. ನಾನು ಸದ್ದಿಲ್ಲದೆ ಹಿಂದಕ್ಕೆ ಹೋಗಿ ಇಂಗ್ಲಿಷ್ ಆರಿಸಿಕೊಂಡೆ. ಅದನ್ನು ಈ ತನಕ ಯಾರಿಗೂ ಹೇಳಿಲ್ಲ.

ಆಮೇಲೆ ನೀವಿರುವ ಊರು ಯಾವುದು ಎಂದು ಭೂಪಟ ತೋರಿಸಿತು. ಮದ್ದೂರಿರಬೇಕಾದ ಕಡೆ ಒತ್ತಿದರೆ ಕೋಲ್ಕತ್ತಾ ಎಂದಿತು. ಸ್ವಲ್ಪ ಪಕ್ಕಕ್ಕೆ ಒತ್ತಿದರೂ ಕೋಲ್ಕತ್ತಾ. ಅಷ್ಟು ಹೊತ್ತಿಗೆ ಹೊರಗೆ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದ ಯಜಮಾನರು, ನಡುವೆ ಎಲ್ಲೂ ಸ್ಟಾಪು ಕೊಡದ ಈ ವ್ಯವಸ್ಥೆಯನ್ನು ಒಪ್ಪಲಿಲ್ಲ. ಗುಪ್ತಪದ ಕೇಳಿದಾಗ ಅವರ ಹೆಸರನ್ನೇ ಹಾಕಿದೆ. ದುರ್ಬಲ ಎಂದು ಕೆಂಪಕ್ಷರದಲ್ಲಿ ಬಂತು. ಅವರು ಒಳಗೆ ಹೋಗಿ ಪೇಪರು ಹಿಡಿದರು.

ಕೊನೆಗೆ ಆ ಪರದೆ ಬಂತು. ಮುಂದೆ ಹೋದರೆ ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮರಳಿ ಸಿಗುವುದಿಲ್ಲ, ಮುಂದುವರಿಯಲೇ ಎಂದು. ಕೈ ನಿಂತಿತು. ಆ ಹಳದಿ ಕಡತಗಳು ನೆನಪಾದವು. ಎಷ್ಟು ಮನೆಗಳ ಮದುವೆ, ಎಷ್ಟು ಮನೆಗಳ ತಿಥಿ. ನನ್ನದಲ್ಲದ್ದನ್ನು ಅಳಿಸಲು ನಾನು ಯಾರು ಎನಿಸಿ ಮತ್ತೆ ಪ್ರೆಸ್ಸಿನವರಿಗೆ ಫೋನು ಮಾಡಿದೆ.

“ಬೇಕಾದ್ದೆಲ್ಲ ಇಳಿಸ್ಕಂಡಿದೀವಿ. ಅದ್ರಲ್ಲಿ ಏನೂ ಇಲ್ಲ ಟೀಚರಮ್ಮ, ಅಳಿಸ್ಬುಡಿ,” ಎಂದರು.

ಓದಿ, ಕೇಳಿ, ಒತ್ತಿದೆ. ಒಂದು ನೀಲಿ ಪಟ್ಟಿ ಎಡದಿಂದ ಬಲಕ್ಕೆ ತೆವಳತೊಡಗಿತು. ಅರ್ಧ ದಾಟಿ ಸ್ವಲ್ಪ ಮುಂದೆ ಹೋಗಿತ್ತು. ಡಬ್ಬ ಬಿಸಿಯಾಗಿದೆಯೆಂದು ಮುಟ್ಟಿ ನೋಡಿದ ನಮ್ಮ ಯಜಮಾನರು, ಮುನಿಸು ಮರೆತು, ಅದಕ್ಕೆ ಗಾಳಿ ಬೀಸಲೆಂದು ಟೇಬಲ್ ಫ್ಯಾನು ತಂದು ಅದೇ ಸ್ವಿಚ್ ಬೋರ್ಡಿಗೆ ಸಿಕ್ಕಿಸಿದರು. ಚಟ್ ಎಂದು ಮನೆಯ ಕರೆಂಟೇ ಹೋಯಿತು.

ಕರೆಂಟು ಬಂದ ಮೇಲೆ ಯಂತ್ರದಲ್ಲಿ ಹಳೆಯದೂ ಇರಲಿಲ್ಲ, ಹೊಸದೂ ಇರಲಿಲ್ಲ. ಕಪ್ಪು ಪರದೆಯ ಮೇಲೆ ಒಂದು ಬಿಳಿ ಗೆರೆ ಮಿಣಕುತ್ತಿತ್ತು. ಮಂಡ್ಯದ ನನ್ನ ವಿದ್ಯಾರ್ಥಿನಿಗೆ ಫೋನು ಮಾಡಿದೆ. ಅವಳು ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಹಾಳೆ ತಗೊಂಡು ಮೊದಲನೇ ಸಾಲಿಂದ ಓದಿ ಮಿಸ್ ಎಂದಳು. ನಾನು ಓದಿದೆ, ಅವಳು ಹ್ಞೂಂ ಎಂದಳು, ನಾನು ಒತ್ತಿದೆ. ಒಂದೆಡೆ ಓದದೆ ಒತ್ತಿದ್ದು ಅವಳಿಗೆ ಸದ್ದಿನಲ್ಲೇ ಗೊತ್ತಾಗಿ, ಹಿಂದಕ್ಕೆ ಕಳಿಸಿದಳು. ಫ್ಯಾನು ಹಿಡಿದವರು ಈ ಸಲ ಅಂಗಳದಲ್ಲಿ ನಿಂತಿದ್ದರು. ನಡುಮಧ್ಯಾಹ್ನದ ಹೊತ್ತಿಗೆ ಪಟ್ಟಿ ಕೊನೆ ಮುಟ್ಟಿತು. ಯಂತ್ರ ಒಮ್ಮೆ ಆರಿ ಹತ್ತಿ, ನೀಲಿ ಕೆರೆಯೊಂದರ ಚಿತ್ರ ತೋರಿಸಿ ಸುಮ್ಮನೆ ನಿಂತಿತು. ಮೂಲೆಯಲ್ಲಿ ಯಾವ ಆಪಾದನೆಯೂ ಇರಲಿಲ್ಲ. ಬರೆಯುವ ಜಾಗ ಹುಡುಕಿ ತೆರೆದು, ಕನ್ನಡ ಅಕ್ಷರ ಎಲ್ಲೆಲ್ಲಿದೆ ಎಂದು ತಡಕಿ, ಅ ಇಂದ ಳ ವರೆಗೂ ಒಂದೊಂದಾಗಿ ಒತ್ತಿದೆ. ಮುಗಿಸುವಷ್ಟರಲ್ಲಿ ಸಂಜೆಯ ಕಾಫಿ ಹೊತ್ತಾಗಿತ್ತು. ಒಂದನೇ ಕ್ಲಾಸಿನಲ್ಲಿ ಸ್ಲೇಟು ತುಂಬಿಸಿದಾಗ ಎಷ್ಟು ಖುಷಿಯಾಗಿತ್ತೋ ಅಷ್ಟೇ ಖುಷಿಯಾಯಿತು.

ಎರಡು ವಾರ ಕಳೆದು ಪ್ರೆಸ್ಸಿನವರೇ ಮನೆಗೆ ಬಂದರು. ಕೈಯಲ್ಲಿ ಒಂದು ಹಳೇ ಲಗ್ನಪತ್ರಿಕೆ. ಮಳವಳ್ಳಿ ಕಡೆಯ ಒಂದು ಮನೆಯವರು ಕಿರಿ ಮಗಳ ಮದುವೆ ಇಟ್ಟುಕೊಂಡಿದ್ದರು. ಹಿರಿ ಮಗಳ ಸಂಸಾರ ಚೆನ್ನಾಗಿ ನಡೆದಿದೆ, ಹಾಗಾಗಿ ಪತ್ರಿಕೆಯೂ ಅದೇ ಇರಬೇಕು, ಅಕ್ಷರ ಬದಲಾಗಕೂಡದು ಎಂದು ಹಟ. ಆ ಪತ್ರಿಕೆ ಹುಡುಕಿದರೆ ಪ್ರೆಸ್ಸಿನ ಹೊಸ ಕಂಪ್ಯೂಟರಿನಲ್ಲಿ ಇಲ್ಲ. ಅದು ‘ಹೊಸದು ಹೊಸದು ೨’ರಲ್ಲಿ ಇತ್ತಂತೆ. ಅದನ್ನು ಇಳಿಸಿಕೊಳ್ಳುವುದು ಮರೆತಿತ್ತಂತೆ. ಟೈಪು ಮಾಡುತ್ತಿದ್ದ ಹೆಣ್ಣುಮಗಳು ಹೆರಿಗೆಗೆ ತವರಿಗೆ ಹೋಗಿದ್ದಳು. ಅಳಿಸಿದ್ದು ನೀವು, ನೀವೇ ಬರೆದುಕೊಡಿ ಎಂದು ಅವರು ಯಾವ ನಗುವೂ ಇಲ್ಲದೆ ಹೇಳಿದರು. ಅಳಿಸಿ ಎಂದದ್ದು ನೀವೇ ಅಲ್ಲವೇ ಎಂದರೆ, ನೀವು ಕೇಳಬಾರದಿತ್ತು ಎಂದರು.

ನಾನು ಒಂದೇ ಬೆರಳಿನಲ್ಲಿ ಮೂರು ದಿನ ಕೂತು ಆ ಪತ್ರಿಕೆ ಬರೆದೆ. ಮದುವೆ ಮನೆಯವರು ಹಳೇ ಪತ್ರಿಕೆಯ ಮೇಲೆ ಪೆನ್ಸಿಲಿನಲ್ಲಿ ಬದಲಾವಣೆ ಗುರುತು ಮಾಡಿದ್ದರು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಹುಡುಗಿಯ ಇಬ್ಬರು ಸೋದರಮಾವಂದಿರ ಹೆಸರು, ಒಂದರ ಕೆಳಗೊಂದು. ಇಬ್ಬರೂ ಬೆಳಕವಾಡಿಯವರು. ಹಿರಿ ಮಗಳ ಮದುವೆಯ ನಂತರ ಅವರಲ್ಲಿ ಒಬ್ಬರು ತೀರಿಕೊಂಡಿದ್ದರು. ಅವರ ಹೆಸರಿನ ಹಿಂದೆ ‘ದಿ.’ ಸೇರಿಸಬೇಕಿತ್ತು. ಪೆನ್ಸಿಲಿನ ಗುರುತು ಎರಡು ಹೆಸರಿನ ನಡುವೆ ಇತ್ತು. ನಾನು ಕೆಳಗಿನವರಿಗೆ ಸೇರಿಸಿದೆ. ಮೂರು ಸಲ ತಿದ್ದಿದೆ. ಪ್ರೆಸ್ಸಿನವರು ನೋಡಿದರು, ಮದುವೆ ಮನೆಯವರೂ ವಾಟ್ಸಾಪಿನಲ್ಲಿ ನೋಡಿ ಸರಿ ಎಂದರು. ಎಲ್ಲರೂ ಕಾಗುಣಿತ ನೋಡಿದ್ದರು. ಕಾಗುಣಿತದಲ್ಲಿ ಒಂದು ತಪ್ಪೂ ಇರಲಿಲ್ಲ.

ಅರ್ಧ ಪತ್ರಿಕೆ ಹಂಚಿ ಮುಗಿದ ಮೇಲೆ ಒಂದು ಬೆಳಿಗ್ಗೆ ಪ್ರೆಸ್ಸಿನವರ ಫೋನು ಬಂತು.

“ಟೀಚರಮ್ಮ, ಬೆಳಕವಾಡಿ ಯಜಮಾನ್ರು ನಿಮ್ಮನೆ ಕಡೀಕೆ ಬತ್ತಾವ್ರೆ. ಅವ್ರು ಸತ್ತಿಲ್ವಂತೆ.”

ಹಿರಿಯರೊಬ್ಬರನ್ನು, ಮನೆಯಲ್ಲಿ ಮದುವೆ ಇಟ್ಟುಕೊಂಡಿರುವಾಗ, ಬದುಕಿರುವಾಗಲೇ ದಿವಂಗತರನ್ನಾಗಿ ಮಾಡಿ ಆರುನೂರು ಪ್ರತಿ ಅಚ್ಚು ಹಾಕಿಸಿದ್ದೆ. ತೀರಿಕೊಂಡ ಅಣ್ಣ ಮೇಲಿನ ಸಾಲಿನಲ್ಲಿ ಕೂತು ಎಲ್ಲರ ಸುಖಾಗಮನ ಬಯಸುತ್ತಿದ್ದರು. ನಮ್ಮ ಯಜಮಾನರು ಅಂಗಿ ಹಾಕಿಕೊಂಡು ಬಾಗಿಲ ಬಳಿ ಕುರ್ಚಿ ಎಳೆದು ಕೂತರು.

ಬೆಳಕವಾಡಿಯವರು ಬಂದಾಗ ಹಣೆಯ ಮೇಲೆ ವಿಭೂತಿ, ಕಿವಿಯಲ್ಲಿ ಪ್ರಸಾದದ ಹೂವು. ಅಪಶಕುನ ಕಳೆಯಲೆಂದು ಹೆಂಡತಿ ವೈದ್ಯನಾಥಪುರಕ್ಕೆ ಪೂಜೆಗೆ ಕಳಿಸಿದ್ದರಂತೆ, ಹಾಗೇ ಮದ್ದೂರಿಗೆ ಬಂದಿದ್ದರು. ಜೇಬಿನಿಂದ ಪತ್ರಿಕೆ ತೆಗೆದು ತಮ್ಮ ಹೆಸರಿನ ಮೇಲೆ ಬೆರಳಿಟ್ಟರು.

“ಇದು ನಾನು ಕಣಮ್ಮ,” ಎಂದರು.

ನಾನು ಕೈಮುಗಿದೆ. ನನ್ನದೇ ತಪ್ಪು, ಕಣ್ಣು ಸಾಲು ತಪ್ಪಿತು ಎಂದೆ. ಅವರು ಕೂರಲು ಜಾಗ ಕೇಳಿ, ನೀರು ಕುಡಿದು, ನಿಧಾನವಾಗಿ ಹೇಳತೊಡಗಿದರು. ಪತ್ರಿಕೆ ತಲುಪಿದ ದಿನದಿಂದ ಮನೆಗೆ ಜನ ಬರುತ್ತಿದ್ದರಂತೆ. ಹೊಳಲಿನಲ್ಲಿ ಒಬ್ಬ ಹಳೇ ಸ್ನೇಹಿತ, ಒಂದು ಎಮ್ಮೆ ವ್ಯಾಪಾರದಲ್ಲಿ ಮುನಿಸಿಕೊಂಡು ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತಂತೆ. ಅವನು ಹೂವಿನ ಹಾರ ಹಿಡಿದುಕೊಂಡು ಬಂದರೆ, ಇವರು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಕೂತಿದ್ದರು.

“ಆರ ತಂದಿದ್ದ. ವಾಪಸ್ ತಗೊಂಡೋಗೋಕೂ ಆಗ್ನಿಲ್ಲ, ನನ್ನ ಕತ್ತಿಗೆ ಆಕೋಕೂ ಆಗ್ನಿಲ್ಲ. ಅಸುಗೆ ಆಕ್ಬುಟ್ಟು ಕಾಫಿ ಕುಡ್ದು ಓದ. ಈಗ ದಿನಾ ಫೋನ್ ಮಾಡ್ತಾನೆ, ಇದೀಯೇನ್ಲಾ ಅಂತ.”

ನಮ್ಮ ಯಜಮಾನರು ನಕ್ಕೇಬಿಟ್ಟರು. ನನಗೆ ನಗುವ ಹಕ್ಕಿರಲಿಲ್ಲ. ಈಗಲೇ ತಿದ್ದುತ್ತೇನೆ, ಉಳಿದ ಪತ್ರಿಕೆಗಳನ್ನು ಹೊಸದಾಗಿ ಅಚ್ಚು ಹಾಕಿಸುತ್ತೇನೆ ಎಂದು ಕಂಪ್ಯೂಟರಿನ ಮುಂದೆ ಕೂತೆ. ಅವರೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಅವರ ಹೆಸರಿನ ಹಿಂದಿನ ಅಕ್ಷರವನ್ನೂ ಚುಕ್ಕಿಯನ್ನೂ ಅವರ ಕಣ್ಣೆದುರೇ ಅಳಿಸಿದೆ. ಪರದೆ ನೋಡಿ ಸಮಾಧಾನದಿಂದ ಉಸಿರುಬಿಟ್ಟರು. ಆಮೇಲೆ ಮೇಲಿನ ಸಾಲಿಗೆ ಹೋದೆ. ಅಣ್ಣನ ಹೆಸರಿನ ಹಿಂದೆ ‘ದಿ’ ಒತ್ತುವಷ್ಟರಲ್ಲಿ ಅವರು ನನ್ನ ಕೈ ತಡೆದರು.

“ಅದು ಅಂಗೇ ಇರ್ಲಿ ಬುಡಿ. ನಮ್ಮತ್ತಿಗೆ ಏಳ್ಕಳ್ಸವ್ಳೆ. ಕಾರ್ಡ್‌ನಾಗೆ ಅಣ್ಣನ ಎಸ್ರು ನೋಡ್ಬುಟ್ಟು ಸೆರಗ್ನಾಗೆ ಮುಚ್ಚಿ ಇಟ್ಕಂಡವ್ಳೆ. ಒಂದ್ ಮದ್ವೆಗೆ ಇದ್ರೆ ಏನಾಯ್ತದೆ.”

ತಪ್ಪನ್ನು ತಪ್ಪೆಂದು ಕೆಂಪು ಶಾಯಿಯಲ್ಲಿ ಸುತ್ತು ಹಾಕುವುದೇ ನನ್ನ ಕಸುಬಾಗಿತ್ತು. ಆವತ್ತು ಒತ್ತಿದ ಅಕ್ಷರವನ್ನು ಅಳಿಸಿ, ಹಾಗೇ ಉಳಿಸಿ, ಪೆನ್ ಡ್ರೈವಿಗೆ ಹಾಕಿಕೊಟ್ಟೆ. ಎರಡನೇ ಸಲ ಅಚ್ಚಾದ ಪತ್ರಿಕೆಯಲ್ಲಿ ಇಬ್ಬರು ಅಣ್ಣತಮ್ಮಂದಿರೂ ಬದುಕಿದ್ದರು. ಮದುವೆ ಮನೆಯವರು ಅದನ್ನೇ ಹಂಚಿದರು.

ಬೀಗರೂಟಕ್ಕೆ ನಮಗೂ ಕರೆ ಬಂತು. ಹೋಗಲು ನನಗೆ ನಾಚಿಕೆ. ಬಾಡೂಟ ಎಂದ ಮೇಲೆ ನಮ್ಮ ಯಜಮಾನರಿಗೆ ಆ ತೊಂದರೆ ಇರಲಿಲ್ಲ. ಬೆಳಕವಾಡಿಯವರು ಬಾಗಿಲಲ್ಲೇ ನಿಂತಿದ್ದು, ನನ್ನನ್ನು ಕಂಡವರೇ ಸುತ್ತಲಿದ್ದವರನ್ನೆಲ್ಲ ಕೂಗಿ, ಇವರೇ ಕಣ್ರಪ್ಪಾ ನನ್ನ ಸಾಯಿಸಿದ್ದೋರು ಎಂದು ಪರಿಚಯ ಮಾಡಿಸಿದರು. ಪಂಕ್ತಿಯಲ್ಲಿ ಕೂರಿಸಿ, ಮುದ್ದೆಯ ಪಕ್ಕಕ್ಕೆ ತಾವೇ ನಿಂತು ಸಾರು ಬಡಿಸಿದರು. ಸ್ವಲ್ಪ ದೂರದಲ್ಲಿ ಬಿಳಿ ಸೀರೆ ಬಿಟ್ಟು ಹಸಿರು ಸೀರೆಯುಟ್ಟ ಒಬ್ಬ ಹಿರಿಯಾಕೆ ಹೆಂಗಸರ ನಡುವೆ ಕೂತು ವೀಳ್ಯದೆಲೆ ಮಡಿಸುತ್ತಿದ್ದರು. ಅವರೇ ಅತ್ತಿಗೆ ಎಂದು ಬೆಳಕವಾಡಿಯವರು ಕಣ್ಣಲ್ಲೇ ತೋರಿಸಿದರು.

ನಮ್ಮ ಎದುರು ಗಂಡಿನ ಕಡೆಯ ಯಾರೋ ಒಬ್ಬರು ಕೂತಿದ್ದರು. ದೂರದ ಊರಿನವರಿರಬೇಕು. ಜೇಬಿನಲ್ಲಿದ್ದ ಪತ್ರಿಕೆ ತೆಗೆದು ನೋಡಿ, ನಿಮ್ಮಣ್ಣಾವ್ರೂ ಬಂದವ್ರಾ, ಕಾಣ್ನಿಲ್ವಲ್ಲ ಎಂದು ಬೆಳಕವಾಡಿಯವರನ್ನು ಕೇಳಿದರು.

“ಇಲ್ಲೇ ಎಲ್ಲೋ ಅವ್ನೆ. ನೀವು ಉಣ್ಣಿ,” ಎಂದು ಅವರು ಇನ್ನೊಂದು ಸೌಟು ಹಾಕಿ ಮುಂದಿನ ಎಲೆಗೆ ಹೋದರು.